ಹಿಂದಿನ ಬೆಂಚಿನ ಗೈಡು

ಎರಡು ಸಾಲಿನ ಪತ್ರಕ್ಕೆ ಹದಿನೈದು ದಿನ ಬೇಕಾಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ಬಂದು, ಕೋಣೆಯ ಬಾಗಿಲು ಮುಂದೆ ಮಾಡಿ, ಕಂಪ್ಯೂಟರಿನಲ್ಲಿ ಆ ಕಡತ ತೆರೆದು, ನಿನ್ನೆಯ ತಾರೀಕು ಅಳಿಸಿ ಇವತ್ತಿನದು ಹಾಕಿ, ‘ಮಾನ್ಯರೇ’ ಎಂಬ ಪದದ ಮುಂದೆ ಮಿಣುಕುವ ಗೀಟನ್ನೇ ನೋಡುತ್ತ ಕೂತು, ಕಡೆಗೆ ಕಾಫಿ ಆರಿಹೋಯಿತೆಂಬ ನೆಪದಲ್ಲಿ ಮುಚ್ಚಿಬಿಡುತ್ತಿದ್ದಳು. ಪತ್ರ ಕೇಳಿದ್ದು ಇನ್ನೊಂದು ವಿಶ್ವವಿದ್ಯಾಲಯದ ಆಯ್ಕೆ ಸಮಿತಿ. ಪಿಎಚ್‌ಡಿ ಮುಗಿಸಿ ಅವಳ ಲ್ಯಾಬಿನಲ್ಲಿ ಐದು ವರ್ಷದಿಂದ ಪೋಸ್ಟ್‌ಡಾಕ್ ಆಗಿರುವವನನ್ನು ಅಲ್ಲಿನ ಅಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಮುಂದಿನ ವಾರ ಕರೆದಿದ್ದರು. ಕರೆಸಿಕೊಂಡ ಮೂವರ ಗೈಡುಗಳಿಗೂ ಒಂದೇ ಪ್ರಶ್ನೆ ಹೋಗಿತ್ತು: ನಿಮ್ಮ ಲ್ಯಾಬಿನ ಕೆಲಸದಲ್ಲಿ ಯಾವ ಭಾಗವನ್ನು ಅಭ್ಯರ್ಥಿ ತನ್ನದೆಂದು ಒಯ್ಯಬಹುದು, ಆ ಭಾಗದಲ್ಲಿ ನೀವು ಪೈಪೋಟಿಗೆ ಇಳಿಯುವುದಿಲ್ಲವೆಂದು ಹೇಳಬಲ್ಲಿರಾ? ಉತ್ತರ ಇವತ್ತು ಸಂಜೆ ಐದರೊಳಗೆ ತಲುಪಬೇಕು. ತಲುಪದಿದ್ದರೆ ಆ ಅರ್ಜಿ ಅಪೂರ್ಣ, ಅಷ್ಟೇ. ಅಪೂರ್ಣ ಅರ್ಜಿಗಳು ಎಲ್ಲಿಗೆ ಹೋಗುತ್ತವೆಂದು ಇಂಥ ಸಮಿತಿಗಳಲ್ಲಿ ತಾನೇ ಕೂತು ಬಂದಿದ್ದ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಲ್ಯಾಬಿನ ಹುಡುಗರು ಅವನನ್ನು ತೇವಪ್ಪ ಎನ್ನುತ್ತಿದ್ದರು. ಬೆಳಿಗ್ಗೆ ಬಂದವನು ಯಾರಿಗೂ ನಮಸ್ಕಾರ ಹೇಳುವ ಮೊದಲು ಗೋಡೆಯ ಮೇಲಿನ ತೇವಮಾಪಕವನ್ನು ಮೂರು ಸಲ ನೋಡುತ್ತಾನೆಂದು ಬಿದ್ದ ಹೆಸರು, ಈಗ ಅವನ ಹೆಂಡತಿಯೂ ಫೋನ್ ಮಾಡಿದರೆ “ತೇವಪ್ಪ ಇದಾರಾ?” ಎಂದೇ ಕೇಳುತ್ತಿದ್ದಳು. ಜೇಡಿಮಣ್ಣು ಕದಡಿದ ನೀರನ್ನು ಅಗಲವಾದ ಗಾಜಿನ ತಟ್ಟೆಗೆ ತೆಳ್ಳಗೆ ಸುರಿದು ಒಣಗಲು ಬಿಟ್ಟರೆ ಮೊದಲ ಬಿರುಕು ಎಲ್ಲಿ ಬೀಳುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಬಹುದೇ, ಇದು ಇಪ್ಪತ್ನಾಲ್ಕು ವರ್ಷದಿಂದ ಅವಳ ಪ್ರಶ್ನೆ. ಬಣ್ಣ ಬಳಿಯುವವರಿಂದ ಹಿಡಿದು ಔಷಧದ ಗುಳಿಗೆಗೆ ಲೇಪ ಕೊಡುವವರವರೆಗೆ ಎಲ್ಲರಿಗೂ ಬೇಕಾದ ಪ್ರಶ್ನೆ. ಉತ್ತರದ ಬಾಲ ಈಗ ಕೈಗೆ ಸಿಕ್ಕಿದೆ ಎನ್ನಿಸುವ ಹೊತ್ತು. ಸೇವೆ ಇನ್ನು ಆರು ವರ್ಷ. ಕೊಡುವುದಿಲ್ಲವೆಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ಎಷ್ಟು ಕೊಡುವುದು ಎಂಬಲ್ಲೇ ದಿನಗಳು ಕರಗಿದ್ದವು. ‘ಕೆಲವು ಭಾಗಗಳನ್ನು’ ಎಂದು ಒಂದು ದಿನ ಬರೆದು ಅಳಿಸಿದ್ದಳು. ‘ಪರಸ್ಪರ ಸಮಾಲೋಚನೆಯ ಮೇರೆಗೆ’ ಎಂದು ಇನ್ನೊಂದು ದಿನ. ತೇವಪ್ಪ ಕೇಳಿದ್ದು ಒಂದೇ ಸಲ, ಮೆಟ್ಟಿಲಲ್ಲಿ, ಅವಳು ಇಳಿಯುತ್ತಿದ್ದಳು, ಅವನು ಹತ್ತುತ್ತಿದ್ದ. “ಮೇಡಂ, ಆ ಪತ್ರ...” “ಬರೀತಾ ಇದೀನಿ.” “ಅರ್ಜೆಂಟೇನಿಲ್ಲ ಮೇಡಂ.” ಅರ್ಜೆಂಟಿತ್ತು. ಹಾಗೆ ಅವನಿಂದ ಸುಳ್ಳು ಹೇಳಿಸಿದ್ದು ತಾನೇ ಎಂಬ ಅರಿವು ಹೊಸ ಚಪ್ಪಲಿಯ ಮೊಳೆಯ ಹಾಗೆ ಅಲ್ಲಿಂದ ಅವಳ ಜೊತೆಗೇ ಓಡಾಡುತ್ತಿತ್ತು. ಬೆಳಿಗ್ಗೆ ತಿಂಡಿ ತಿನ್ನುವಾಗ ಹಲ್ಲಿನ ಡಾಕ್ಟರಾದ ಗಂಡ ಪೇಪರಿನಿಂದ ತಲೆಯೆತ್ತದೆ ಹೇಳಿದ್ದ: “ನಮ್ಮಲ್ಲಾದ್ರೆ ಕೀಳೋ ಹಲ್ಲನ್ನ ಕಿತ್ತು ಕಳಿಸ್ತೀವಿ. ನೀವು ಪ್ರೊಫೆಸರುಗಳು ಹದಿನೈದು ದಿನ ಅಲ್ಲಾಡಿಸ್ತೀರಿ.”

ಹನ್ನೊಂದಕ್ಕೆ ತೇವಪ್ಪನ ಸಂದರ್ಶನದ ತಾಲೀಮು. ಕಡತವನ್ನು ಮತ್ತೆ ಮುಚ್ಚಿ ಅವಳು ಉದ್ದನೆಯ ಪಡಸಾಲೆಯಲ್ಲಿ ನಡೆದಳು. ಕೈ ತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಒಂದು ಕ್ಷಣ ಕಂಡ ಮುಖ ಅವಳ ಗೈಡಿನ ಮುಖದಂತೆಯೇ ಇತ್ತು. ಅವರು ಗಂಡಸು, ಬೋಳುತಲೆಯವರು, ಇವಳಿಗೆ ಅವರ ಹೋಲಿಕೆ ಬರಲು ಕಾರಣವೇ ಇಲ್ಲ. ಕೊಡುವ ಮುಂಚೆ ತುಟಿಯನ್ನು ಒಳಗೆ ಎಳೆದುಕೊಳ್ಳುವ ಆ ರೀತಿ ಮಾತ್ರ ಅವರದೇ. “ತಗೊಂಡು ಹೋಗಮ್ಮ, ಇದು ನಿನ್ನದೇ. ಬೇಕಾದ್ರೆ ತಟ್ಟೆ ಲೋಟಾನೂ ತಗೊಂಡು ಹೋಗು,” ಎಂದು ಅವಳು ಅವರ ಲ್ಯಾಬು ಬಿಟ್ಟು ಹೊರಟಾಗ ನಕ್ಕು ಕಳಿಸಿದ್ದರು. ಹೊಸ ಊರಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಮೇಜು, ಒಂದು ಸಿಂಕು ಇರುವ ಕೋಣೆ. ಎಂಟು ತಿಂಗಳಾದ ಮೇಲೆ ಲೈಬ್ರರಿಯಲ್ಲಿ ನಿಂತುಕೊಂಡೇ ಅವರ ಪ್ರಬಂಧ ಓದಿದಳು. ಅವಳು ಮಾಡಬೇಕೆಂದು ಬರೆದುಕೊಂಡಿದ್ದ ಮೂರೂ ಪ್ರಯೋಗ, ಅದೇ ಅನುಕ್ರಮದಲ್ಲಿ. ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಉಪಯುಕ್ತ ಮಾತುಕತೆಗಾಗಿ ಎಂದು ಅವಳ ಹೆಸರು. ಅದಲ್ಲ ನೋವು. ಸಂಜೆ ಕೋಣೆಗೆ ಹೋಗಿ ಅವರಿಗೆ ಅಭಿನಂದನೆಯ ಪತ್ರ ಬರೆದಳಲ್ಲ, ಅಂಚೆ ಡಬ್ಬಿಗೆ ಹಾಕುವಾಗ ಒಳಗೆ ಬಿತ್ತೋ ಇಲ್ಲವೋ ಎಂದು ಬೇರೆ ಬಗ್ಗಿ ನೋಡಿದಳಲ್ಲ, ಅದು ನೆನಪಾದಾಗ ಈಗಲೂ ಕಿವಿ ಬಿಸಿಯಾಗುತ್ತದೆ. ತನ್ನ ಕೈಕೆಳಗೆ ಬಂದ ಯಾರಿಗೂ ಹೀಗಾಗಕೂಡದೆಂದು ಅವತ್ತೇ ಅಂದುಕೊಂಡಿದ್ದಳು. ಹಾಗೆಯೇ ನಡೆದುಕೊಂಡಿದ್ದಳು ಕೂಡ. ಅವಳ ಲ್ಯಾಬಿನಿಂದ ಹೋದ ಹದಿನಾಲ್ಕು ಜನ ಇವತ್ತು ಹದಿನಾಲ್ಕು ಕಡೆ ಪಾಠ ಮಾಡುತ್ತಿದ್ದರು. ಸಮ್ಮೇಳನಗಳಲ್ಲಿ ಅಪರಿಚಿತರು ಬಂದು, “ನಿಮ್ಮವರು ಅಂತ ನಿಂತ ರೀತಿಯಲ್ಲೇ ಗೊತ್ತಾಗುತ್ತೆ,” ಎನ್ನುತ್ತಿದ್ದರು. ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುವುದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವುದು, ಕೇಳಿದ್ದಕ್ಕಿಂತ ಒಂದು ವಾಕ್ಯ ಕಡಿಮೆ ಹೇಳುವುದು. ಆ ಮಾತು ಕೇಳಿದಾಗ ಅವಳಿಗೆ ಹಬ್ಬವೇ. ಆದರೆ ಆ ಹದಿನಾಲ್ಕು ಜನ ಒಯ್ದದ್ದು ಅವಳಿಗೆ ಅಷ್ಟೇನೂ ಬೇಡವಾದವುಗಳನ್ನೇ ಅಲ್ಲವೇ ಎಂಬ ಲೆಕ್ಕ ಈ ಹದಿನೈದು ದಿನಗಳಲ್ಲಿ ಮೊದಲ ಸಲ ತಲೆಗೆ ಬಂದಿತ್ತು.

ತಾಲೀಮಿನ ಕೋಣೆಯಲ್ಲಿ ಹತ್ತು ಬೆಂಚು, ಒಂದು ಕರಿಹಲಗೆ. ಪರದೆಯಿಲ್ಲ, ಚಿತ್ರಗಳಿಲ್ಲ, ಸೀಮೆಸುಣ್ಣದ ಕಡ್ಡಿ ಹಿಡಿದು ನಲವತ್ತು ನಿಮಿಷ, ಮುಂದಿನ ಐದು ವರ್ಷ ತಾನು ಏನು ಮಾಡುವೆನೆಂದು ಹೇಳಬೇಕು. ಯಾರು ಬೇಕಾದರೂ ನಡುವೆ ತಡೆದು ಕೇಳಬಹುದು. ಗೈಡು ಮಾತ್ರ ಹಿಂದಿನ ಬೆಂಚಿನಲ್ಲಿ ಕೂರಬೇಕು, ಬಾಯಿ ಬಿಡಕೂಡದು. ಈ ನಿಯಮ ಅವಳೇ ಮಾಡಿದ್ದು. ಮೊದಲ ವಿದ್ಯಾರ್ಥಿಯ ತಾಲೀಮಿನಲ್ಲಿ ಅವನು ತಡವರಿಸಿದಾಗಲೆಲ್ಲ ಹಿಂದಿನಿಂದ ಅವಳೇ ಉತ್ತರ ಕೊಟ್ಟಿದ್ದಳು, ಹೆತ್ತ ಕರುಳಿನ ಹಾಗೆ. ನಿಜವಾದ ಸಂದರ್ಶನದಲ್ಲಿ ಗಟ್ಟಿ ಪ್ರಶ್ನೆ ಬಿದ್ದಾಗ ಅವನು ಮಾತಾಡದೆ ಹಿಂದಿನ ಬೆಂಚಿನ ಖಾಲಿ ಜಾಗವನ್ನೇ ನೋಡುತ್ತ ನಿಂತನಂತೆ. “ಯಾರನ್ನ ಹುಡುಕ್ತಿದ್ದ ಅಂತ ನಮಗೆ ತಿಳೀಲಿಲ್ಲ,” ಎಂದು ಸಮಿತಿಯಲ್ಲಿದ್ದ ಒಬ್ಬರು ಆಮೇಲೆ ಅವಳಿಗೇ ಹೇಳಿದ್ದರು. ಆ ಹುದ್ದೆ ಅವನಿಗೆ ಸಿಗಲಿಲ್ಲ. ಅಂದಿನಿಂದ ತಾಲೀಮು ಶುರುವಾಗುವ ಮುಂಚೆ ಅವಳು ಬಾಯಿಗೊಂದು ಪೆಪ್ಪರಮೆಂಟು ಹಾಕಿಕೊಳ್ಳುತ್ತಾಳೆ. “ಮೇಡಂ ಬೀಗ ಹಾಕ್ಕೊಂಡ್ರು, ಇನ್ನು ಶುರು ಮಾಡಪ್ಪ,” ಎಂದ ಮುಂದಿನ ಸಾಲಿನಿಂದ ಕತ್ತರಿ. ಪಕ್ಕದ ವಿಭಾಗದ ಈ ರಸಾಯನಶಾಸ್ತ್ರದ ಪ್ರೊಫೆಸರನ ಮುಂದೆ ಯಾವ ಮಾತೂ ಇಡಿಯಾಗಿ ಉಳಿಯುವುದಿಲ್ಲವೆಂದು ಆ ಹೆಸರು. ಪಿಎಚ್‌ಡಿಯ ಕೊನೆಯ ವರ್ಷದ ಹುಡುಗಿ ಗಡಿಯಾರ ಹಿಡಿದಿದ್ದಳು. ಉಳಿದ ನಾಲ್ಕೈದು ಜನ ಬೇರೆ ಬೇರೆ ಲ್ಯಾಬಿನವರು, ನಾಳೆ ತಾವೂ ಅಲ್ಲಿ ನಿಲ್ಲಬೇಕಾದವರು.

ತೇವಪ್ಪ ನಿಂತ. ಎರಡು ತಿಂಗಳ ಹಿಂದೆ ಇದೇ ಜಾಗದಲ್ಲಿ ಅವನು ಹಲಗೆಯ ಕಿವಿಯಲ್ಲಿ ಗುಟ್ಟು ಹೇಳುವವನ ಹಾಗೆ ಅತ್ತ ತಿರುಗಿಯೇ ನಲವತ್ತು ನಿಮಿಷ ಕಳೆದಿದ್ದ. ಈಗ ಎರಡೂ ಕಾಲು ನೆಲಕ್ಕೂರಿ, ಕೈಯಲ್ಲಿ ಸುಣ್ಣದ ಕಡ್ಡಿಯಿದ್ದದ್ದೇ ಮರೆತವನಂತೆ, ಎಲ್ಲರ ಮುಖ ನೋಡಿ, ದೊಡ್ಡದೊಂದು ವೃತ್ತ ಬರೆದ. ನಡುವೆ ಒಂದು ವಕ್ರ ಗೆರೆ. “ಇದು ತಟ್ಟೆ. ಇದು ಮೊದಲ ಬಿರುಕು. ಇದು ಎಲ್ಲಿ ಬೀಳುತ್ತೆ ಅನ್ನೋದು ನಮ್ಮ ಲ್ಯಾಬಿನ ಪ್ರಶ್ನೆ. ಇದನ್ನ ನಾನು ತಗೊಂಡು ಹೋಗ್ತಾ ಇಲ್ಲ.” ಹೀಗೆಂದು ಅಂಗೈಯಿಂದ ಆ ಗೆರೆಯನ್ನು ಒರೆಸಿಬಿಟ್ಟ. ಖಾಲಿ ವೃತ್ತ ಉಳಿಯಿತು. ಹದಿನೈದು ದಿನ ಎಷ್ಟು ಕೊಡಲಿ ಎಂದು ಅವಳು ಮುಷ್ಟಿಯಲ್ಲಿ ಬಿಗಿಹಿಡಿದದ್ದನ್ನು ಬೇಡುವವನೇ ಇಲ್ಲ. ಮದುವೆಮನೆಯಲ್ಲಿ ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತು, ತನ್ನ ಸರದಿ ಬರುವಷ್ಟರಲ್ಲಿ ವೇದಿಕೆ ಖಾಲಿಯಾದರೆ ಹೇಗಿರುತ್ತದೋ ಹಾಗಿತ್ತು. ಇಷ್ಟು ಜನ ಬೆನ್ನು ಮಾಡಿ ಕೂತಿದ್ದು ಒಳ್ಳೆಯದಾಯಿತು ಎಂದುಕೊಂಡಳು.

“ನಮ್ಮ ಲ್ಯಾಬಲ್ಲಿ ಒಂದು ಕಟ್ಟಳೆ ಇದೆ,” ತೇವಪ್ಪ ಹೇಳುತ್ತಿದ್ದ. “ತಟ್ಟೆ ಫೋಟೋ ತೆಗೆದ ತಕ್ಷಣ ಆ ಫೋಟೋದ ಸುತ್ತ ಒಂದು ಸೆಂಟಿಮೀಟರ್ ಕತ್ತರಿಸಿ ಹಾಕೋದು. ಅಂಚು ಗಲೀಜು, ನಂಬೋ ಹಾಗಿಲ್ಲ ಅಂತ. ಬಂದ ಮೊದಲ ದಿನವೇ ಕಲಿಸ್ತಾರೆ. ನಾನೂ ಐದು ವರ್ಷ ಕತ್ತರಿಸ್ದೆ. ಯಾಕೆ ಅಂತ ಹುಡುಕಿದ್ರೆ, ಇಪ್ಪತ್ನಾಲ್ಕು ವರ್ಷದ ಹಿಂದೆ ಇದ್ದ ದೀಪದ ಹೊಳಪು ಗಾಜಿನ ಅಂಚಿಗೆ ಬಡೀತಿತ್ತು. ಆ ದೀಪ ಬದಲಾಯಿಸಿ ಹದಿನೈದು ವರ್ಷ ಆಯ್ತು. ಕಟ್ಟಳೆ ಮಾತ್ರ ಉಳ್ಕೊಂಡಿದೆ.” ಯಾರೋ ಕಿಸಕ್ಕೆಂದರು. ಅವನು ವೃತ್ತದ ಒಳಗೆ ಅದಕ್ಕೆ ಅಂಟಿದಂತೆ ಇನ್ನೊಂದು ವೃತ್ತ ಎಳೆದು, ನಡುವಿನ ಆ ತೆಳುವಾದ ಪಟ್ಟಿಯನ್ನು ಸುಣ್ಣದಿಂದ ತುಂಬಿದ. “ಇದು ನನ್ನದು. ಕತ್ತರಿಸದೆ ಉಳಿದಿದ್ದ ಇನ್ನೂರ ಹನ್ನೆರಡು ತಟ್ಟೆಗಳು ಒಣಗೋವಾಗಿನ ಮೂಲ ಫೋಟೋಗಳು ಹಳೇ ಡಿಸ್ಕುಗಳಲ್ಲಿದ್ವು. ಅಳೆದೆ. ನಡುವೆ ಬಿರುಕು ಬೀಳೋಕೆ ಸುಮಾರು ನಾಲ್ಕು ನಿಮಿಷ ಮುಂಚೆ ಜೇಡಿ ಪದರದ ಅಂಚು ಒಳಗೆ ಸರಿಯುತ್ತೆ, ಕೂದಲೆಳೆಯಷ್ಟು. ಯಾವ ಕಡೆ ಜಾಸ್ತಿ ಸರಿಯುತ್ತೋ ಬಿರುಕು ಆ ಕಡೆಗೆ ಬಾಯಿ ಬಿಡುತ್ತೆ. ಇನ್ನೂರ ಹನ್ನೆರಡರಲ್ಲಿ ನೂರ ತೊಂಬತ್ತು ಸಲ.” ಮೂರನೆಯ ಚಿತ್ರ ಬರೆದು ಬಾಣಗಳನ್ನು ಹಾಕತೊಡಗಿದ. ಅಷ್ಟರಲ್ಲಿ ಅವಳ ಮನಸ್ಸು ಆ ಕೋಣೆಯಲ್ಲಿರಲಿಲ್ಲ. ದುಂಡನೆಯ ತಟ್ಟೆಯ ಬದಲು ಚೌಕದ ತಟ್ಟೆ ತೆಗೆದುಕೊಂಡರೆ ಮೂಲೆಗಳು ಮೊದಲು ಸರಿಯಬೇಕು. ಹುಡುಗಿಗೆ ಹೇಳಿ ಇವತ್ತಿನಿಂದಲೇ ಕತ್ತರಿಸುವುದನ್ನು ನಿಲ್ಲಿಸಬಹುದು. ತಟ್ಟೆ ಒಣಗಿಸುವ ಎರಡು ಚೇಂಬರು, ಆರು ಜನ, ಎರಡು ತಿಂಗಳು ಸಾಕು. ಮೊದಲ ಪ್ರಯೋಗ, ಎರಡನೆಯದು, ಮೂರನೆಯದು, ತಾನಾಗಿಯೇ ಅನುಕ್ರಮದಲ್ಲಿ ಬಂದು ನಿಂತವು. ಬಾಯಲ್ಲಿದ್ದ ಪೆಪ್ಪರಮೆಂಟು ಫಟ್ಟೆಂದು ಎರಡಾಯಿತು. ಆಗ ಗೊತ್ತಾಯಿತು, ಇಷ್ಟು ವರ್ಷ ತಾನು ಕಳ್ಳನೆಂದುಕೊಂಡಿದ್ದ ಆ ಬೋಳುತಲೆಯ ಮನುಷ್ಯ ಕದಿಯಲು ಹೊರಟಿರಲಿಕ್ಕಿಲ್ಲ. ಯೋಚಿಸುವುದನ್ನು ನಿಲ್ಲಿಸಲಾಗದೆ ಹೋಗಿರಬೇಕು. ಅದು ಅವರನ್ನು ಕ್ಷಮಿಸುವಂಥ ಕಾರಣವೇನೂ ಅಲ್ಲ; ಅಷ್ಟು ಸುಲಭವಾಗಿ ತಾನೂ ಅಲ್ಲಿಗೆ ಹೋಗಿ ಬಂದದ್ದು ಮಾತ್ರ ನಿಜ.

“ಅಂಚಿನ ಹೊಳಪನ್ನೇ ನೀನು ಚಲನೆ ಅಂತ ಓದ್ತಿದೀಯ,” ಎಂದ ಕತ್ತರಿ. “ಹೊಸ ದೀಪಕ್ಕೂ ಹೊಳಪಿರುತ್ತೆ.”

“ಇರುತ್ತೆ ಸಾರ್. ಅದಕ್ಕೇ ಕಪ್ಪು ಪುಡಿ ಚುಕ್ಕೆ ಹಾಕಿ ಹನ್ನೆರಡು ಹೊಸ ತಟ್ಟೆ ಮಾಡ್ದೆ. ಹೊಳಪು ಜರುಗಬಹುದು, ಚುಕ್ಕೆ ಸುಮ್ನೆ ಜರುಗಲ್ಲ.”

“ಉಳಿದ ಇಪ್ಪತ್ತೆರಡು ಸಲ ಯಾಕೆ ತಪ್ಪಿತು?”

“ಗೊತ್ತಿಲ್ಲ.” ಅಷ್ಟೇ ಹೇಳಿದ. ಆ ‘ಗೊತ್ತಿಲ್ಲ’ದ ಹಿಂದೆ ಸಬೂಬಿನ ಬಾಲವಿಲ್ಲದಂತೆ ಮಾಡಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು.

ಕತ್ತರಿ ಕನ್ನಡಕ ತೆಗೆದ. ಈ ಪ್ರಶ್ನೆಗೆಂದೇ ಬೆಳಗಿನಿಂದ ಹರಿತ ಮಾಡಿಕೊಂಡು ಬಂದವನ ಹಾಗಿದ್ದ. “ಸರಿ. ನೀನು ಹೋದೆ, ಒಂದು ಸಿಂಕಿರೋ ಕೋಣೆ ಕೊಟ್ರು. ಇಲ್ಲಿ ನಿನ್ನ ಗೈಡು ಇದನ್ನೇ ಶುರು ಮಾಡ್ತಾರೆ. ಅವರ ಹತ್ರ ಆರು ಜನ ಇದಾರೆ. ಆಗೇನು ಮಾಡ್ತೀಯ?”

ಕೋಣೆಯಲ್ಲಿದ್ದವರ ಕತ್ತುಗಳೆಲ್ಲ ಹಿಂದೆ ತಿರುಗಲು ಹೊರಟು ಅರ್ಧದಲ್ಲಿ ನಿಂತವು. ತೇವಪ್ಪ ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. ಕತ್ತರಿಯನ್ನೇ ನೋಡುತ್ತ ಹೇಳಿದ: “ಶುರು ಮಾಡಬಹುದು ಸಾರ್. ಮಾಡಿದ್ರೆ ನನಗಿಂತ ಬೇಗ ಮಾಡ್ತಾರೆ, ನನಗಿಂತ ಚೆನ್ನಾಗೂ ಮಾಡ್ತಾರೆ. ಆದ್ರೆ ಇಪ್ಪತ್ನಾಲ್ಕು ವರ್ಷ ಅವರು ಅಂಚಿನ ಕಡೆ ನೋಡಿಲ್ಲ. ಇನ್ನೆರಡು ವರ್ಷ ನೋಡದೇ ಇದ್ರೆ ನಂಗೆ ಸಾಕು.” ಎಲ್ಲರೂ ನಕ್ಕರು. ಕತ್ತರಿಯೂ ನಕ್ಕ. ನಗು ತಡೆಯಲು ಹೋಗಿ ಅವಳಿಗೆ ಪೆಪ್ಪರಮೆಂಟಿನ ಚೂರು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು. ಹುಡುಗಿ ಗಡಿಯಾರ ಕೆಳಗಿಟ್ಟು ನೀರಿನ ಬಾಟಲಿ ಹಿಂದಕ್ಕೆ ದಾಟಿಸಿದಳು.

ತಾಲೀಮು ಮುಗಿದ ಮೇಲೆ ಅವನು ಅವಳ ಕೋಣೆಗೆ ಬಂದು, ತಿದ್ದುಪಡಿ ಬರೆದುಕೊಳ್ಳಲು ಪುಸ್ತಕ ತೆರೆದು ಕೂತ. ಅಂಗೈಯಲ್ಲಿ ಇನ್ನೂ ಸುಣ್ಣವಿತ್ತು. ಅಂಕಿಗಳನ್ನು ದೊಡ್ಡದಾಗಿ ಬರಿ ಎಂದಳು. ನೂರ ತೊಂಬತ್ತು ಅಂದ ಮೇಲೆ ಒಂದು ಉಸಿರು ನಿಲ್ಲು, ಅವರಿಗೆ ಅದು ಇಳಿಯಲಿ ಎಂದಳು. ಅವನು ಎರಡನ್ನೂ ಬರೆದುಕೊಂಡ. ತಿದ್ದಲು ಮೂರನೆಯದೇನೂ ಅವಳಿಗೆ ಸಿಗಲಿಲ್ಲ.

“ಯಾವಾಗಿಂದ ಮಾಡ್ತಿದೀಯ ಇದನ್ನ?”

“ಅಳೆಯೋಕೆ ಶುರು ಮಾಡಿ ಹನ್ನೊಂದು ದಿನ.”

ಅವಳು ಮನಸ್ಸಿನಲ್ಲೇ ಕಳೆದಳು. ಪತ್ರ ಕೇಳಿ ನಾಲ್ಕು ದಿನ ಕಾದಿದ್ದಾನೆ. “ಪತ್ರ ಬರಲ್ಲ ಅನ್ನಿಸ್ತಾ?”

“ಬರಲ್ಲ ಅಂತಲ್ಲ ಮೇಡಂ.” ಪೆನ್ನಿನ ಮುಚ್ಚಳ ಹಾಕಿ ತೆಗೆದ. “ಬಂದ್ರೂ ಅದರಲ್ಲಿ ‘ಕೆಲವು ಭಾಗಗಳು’ ಅಂತ ಇರುತ್ತೆ ಅನ್ನಿಸ್ತು.”

ತನ್ನ ಕಂಪ್ಯೂಟರಿನಲ್ಲಿ ಬರೆದು ಅಳಿಸಿದ ಪದಗಳನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಸ್ನಾನದ ಕೋಣೆಯ ಬಾಗಿಲು ಯಾರೋ ತೆರೆದ ಹಾಗಿತ್ತು. ಕೋಪ ಬರಬೇಕಿತ್ತು, ಬರಲಿಲ್ಲ. “ಅಂಚು ಸರಿಯೋದು ನಿನ್ನ ಕಣ್ಣಿಗೆ ಬಿದ್ದದ್ದು ಯಾವಾಗ?”

“ಒಂದೂವರೆ ವರ್ಷ ಆಯ್ತು. ನಿಮಗೆ ಹೇಳಿದ್ದೆ.”

“ನಂಗೆ?”

“ಇದೇ ಕುರ್ಚಿಲಿ ಕೂತು. ‘ಅಂಚು ನೋಡಬೇಡ, ದೀಪದ ಹೊಳಪದು, ಟೈಮ್ ವೇಸ್ಟ್’ ಅಂದ್ರಿ. ನಾನೂ ಹೌದು ಅಂದ್ಕೊಂಡು ಬಿಟ್ಟುಬಿಟ್ಟೆ.”

ಅವಳಿಗೆ ನೆನಪಿರಲಿಲ್ಲ. ಅಂಥ ಮಾತು ಆಡಿಲ್ಲವೆನ್ನುವ ಧೈರ್ಯವೂ ಇರಲಿಲ್ಲ, ಏಕೆಂದರೆ ಆ ವಾಕ್ಯ ಪೂರಾ ಅವಳದೇ ಆಗಿತ್ತು. ಅವನು ಪುಸ್ತಕ ಮುಚ್ಚಿದ.

“ಒಂದು ಕೇಳ್ಲಾ ಮೇಡಂ? ನಿಮಗೆ ಮಾಡಬೇಕು ಅನ್ನಿಸ್ತು, ಅಲ್ವಾ?”

“ಅನ್ನಿಸ್ತು. ನೀನು ಮೂರನೇ ಚಿತ್ರ ಬರೆಯೋ ಹೊತ್ತಿಗೆ ನನ್ನ ತಲೆಯಲ್ಲಿ ಮೂರು ಪ್ರಯೋಗ ಆಗೋಗಿತ್ತು. ನಿಂಗೆ ಹೇಗೆ ಗೊತ್ತಾಯ್ತು, ನೀನು ಹಿಂದೆ ನೋಡ್ಲೇ ಇಲ್ವಲ್ಲ.”

“ಪೆಪ್ಪರಮೆಂಟು ಕಡಿದ್ರಲ್ಲ. ಬೋರ್ಡಿನ ತನಕ ಕೇಳಿಸ್ತು. ಐದು ವರ್ಷದಲ್ಲಿ ಎಷ್ಟು ತಾಲೀಮು ನೋಡಿದೀನಿ, ನೀವು ಚೀಪ್ತೀರಿ, ಕಡಿಯಲ್ಲ.” ಅವನ ಮುಖದಲ್ಲಿ ನಗುವೂ ಹೆದರಿಕೆಯೂ ಒಟ್ಟಿಗೇ ಇದ್ದವು. “ಆಗ್ಲೇ ನಂಗೂ ನಂಬಿಕೆ ಬಂದಿದ್ದು, ಇದರಲ್ಲಿ ಏನೋ ಇದೆ ಅಂತ.”

ಅವನು ಹೋದ ಮೇಲೆ ಕಡತ ತೆರೆದಳು. ತಾರೀಕು ಬೆಳಿಗ್ಗೆಯೇ ಹಾಕಿಯಾಗಿತ್ತು. ಅಭ್ಯರ್ಥಿಯು ಸಂದರ್ಶನದಲ್ಲಿ ಮಂಡಿಸಲಿರುವ ಯೋಜನೆಯಲ್ಲಿ ನನ್ನ ಪಾಲು ಏನೂ ಇಲ್ಲ ಎಂದು ಬರೆದಳು. ಇಂದು ಬೆಳಿಗ್ಗೆ ಹನ್ನೊಂದರವರೆಗೆ ಇಂಥದೊಂದು ಪ್ರಶ್ನೆಯಿದೆಯೆಂದೇ ನನಗೆ ತಿಳಿದಿರಲಿಲ್ಲ ಎಂದು ಬರೆದಳು. ಓದಿದಾಗ ವಾಕ್ಯ ಚೆನ್ನಾಗಿತ್ತು, ಆದರೆ ಅಳತೆ ತಪ್ಪಿತ್ತು. ಅಳಿಸಿ ಮತ್ತೆ ಬರೆದಳು: ‘ಒಂದೂವರೆ ವರ್ಷದ ಹಿಂದೆ ಆತ ಇದನ್ನು ನನಗೆ ಹೇಳಿದ್ದರು. ನಾನು ಬೇಡವೆಂದಿದ್ದೆ. ತಪ್ಪು ನನ್ನದು.’ ಪೈಪೋಟಿಯ ಪ್ರಶ್ನೆಗೆ ಬಂದಾಗ ಕೈ ನಿಂತಿತು. ಅವನು ತಮಾಷೆಗೆ ಕೇಳಿದ್ದು ಎರಡು ವರ್ಷ. ಎರಡು ಎಂದು ಬರೆದರೆ ಮೂರನೆಯ ವರ್ಷ ತನ್ನದಾಗುತ್ತದೆ, ಚೌಕದ ತಟ್ಟೆ ತನ್ನದಾಗುತ್ತದೆ, ಇಪ್ಪತ್ನಾಲ್ಕು ವರ್ಷದ ಪ್ರಶ್ನೆಯ ಉತ್ತರವನ್ನು ಬಹುಶಃ ತನ್ನ ಕೈಯಿಂದಲೇ ಬರೆಯಬಹುದು. ಅಂಚು ನೋಡದೆ ನಡುವಿನ ಒಗಟು ಬಿಡಿಸಲಾಗುವುದಿಲ್ಲವೆಂದು ಈಗ ಅವಳಿಗೆ ಗೊತ್ತು. ಅಂಚನ್ನು ಪೂರ್ತಿ ಬಿಟ್ಟುಕೊಟ್ಟರೆ ಆ ಉತ್ತರವನ್ನು ಇನ್ನೊಬ್ಬರ ಪ್ರಬಂಧದಲ್ಲಿ, ಲೈಬ್ರರಿಯಲ್ಲಿ ನಿಂತೋ ಕೂತೋ, ಓದಬೇಕಾಗುತ್ತದೆ. ‘ನನ್ನ ಸೇವೆಯ ಉಳಿದ ಆರು ವರ್ಷ ಈ ಲ್ಯಾಬು ಆ ಭಾಗವನ್ನು ಮುಟ್ಟುವುದಿಲ್ಲ,’ ಎಂದು ಟೈಪು ಮಾಡಿದಳು. ಹದಿನಾಲ್ಕು ಜನರ ಬಗ್ಗೆ ಹದಿನಾಲ್ಕು ಪತ್ರ ಬರೆದಿದ್ದಳು, ಎಲ್ಲದರಲ್ಲೂ ಅವರ ಹಿಂದೆ ತಾನು ನಿಂತಿರುವುದು ಸಾಲುಸಾಲಿಗೂ ಕಾಣುತ್ತಿತ್ತು. ಇದೊಂದರಲ್ಲಿ ತಾನಿಲ್ಲ. ಇಷ್ಟು ಜಂಬದ ಪತ್ರವನ್ನು ಜೀವಮಾನದಲ್ಲಿ ಬರೆದಿಲ್ಲವೆಂದು ಅವಳಿಗೆ ಅನ್ನಿಸಿತು. ಸಹಿ ಹಾಕಿ ಕಳಿಸಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು.

ಬಾಗಿಲು ತಟ್ಟಿದ್ದು ಕೊನೆಯ ವರ್ಷದ ಹುಡುಗಿ. “ಮೇಡಂ, ಇವತ್ತಿನ ಎಂಟು ತಟ್ಟೆ ಆಯ್ತು. ಫೋಟೋಗಳ ಅಂಚು ಕತ್ತರಿಸ್ಲಾ, ಹಾಗೇ ಬಿಡ್ಲಾ?”

“ಕತ್ತರಿಸು.”

“ಬೆಳಿಗ್ಗೆ ಅವರು ಅಷ್ಟೆಲ್ಲ ಹೇಳಿದ ಮೇಲೂ?”

“ಹೇಳಿದ ಮೇಲೇ ಕತ್ತರಿಸಬೇಕಾಗಿರೋದು. ಕತ್ತರಿಸಿದ್ದನ್ನ ಎಸೀಬೇಡ, ಅವನಿಗೆ ಕಳಿಸು. ನೀನು ಅಳೆಯೋಕೆ ಹೋಗ್ಬೇಡ. ನಂಗಂತೂ ತೋರಿಸ್ಲೇಬೇಡ.”

“ತಟ್ಟೆ ನಮ್ಮದೇ ಅಲ್ವಾ ಮೇಡಂ?”

“ತಟ್ಟೆ ನಮ್ಮದು. ಅಂಚು ಬೇರೆ ಲ್ಯಾಬಿಂದು. ಅಲ್ಲಿನ ಪ್ರೊಫೆಸರನ್ನ ಕೇಳದೆ ನಾವು ಕೈ ಹಾಕೋ ಹಾಗಿಲ್ಲ.”

ಆ ಲ್ಯಾಬಿಗೆ ಇನ್ನೂ ಕೋಣೆಯಿರಲಿಲ್ಲ, ಬೀಗದ ಕೈಯಿರಲಿಲ್ಲ, ಸಂದರ್ಶನವೇ ಮುಂದಿನ ವಾರ. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿದಳು.

“ಅಲ್ಲಿನ ಪ್ರೊಫೆಸರು ಕೆಳಗೆ ತಟ್ಟೆ ತೊಳೀತಾ ಇದಾರೆ ಮೇಡಂ.”

“ತೊಳೀಲಿ,” ಎಂದಳು ಅವಳು. “ಇವತ್ತು ಅವನ ಸರದಿ.”